ಮುಖಕ್ಕೆ ಯಾವ ಎಣ್ಣೆ, ಎಷ್ಟು ಹನಿ

ಹೋದ ಬೇಸಿಗೆ ರಜೆಗೆ ಬಂದ ಮೊಮ್ಮಗಳ ಹಣೆ ನೋಡಿ ನನಗೆ ಸಂಕಟವಾಯಿತು. ಹುಬ್ಬಿನಿಂದ ಕೂದಲಿನ ಅಂಚಿನವರೆಗೆ ರಾಗಿಕಾಳಿನಷ್ಟು ಸಣ್ಣ ಗುಳ್ಳೆಗಳು. ಕೆಂಪಾಗಿರಲಿಲ್ಲ, ನೋವೂ ಇರಲಿಲ್ಲ. ಕೈಯಾಡಿಸಿದರೆ ತರಿತರಿ. ರಾತ್ರಿ ಮಲಗುವಾಗ ಗಮನಿಸಿದೆ. ಅಂಗೈ ತುಂಬ ಕೊಬ್ಬರಿ ಎಣ್ಣೆ ಸುರಿದುಕೊಂಡು ಮುಖಕ್ಕೆಲ್ಲ ಬಳಿದುಕೊಂಡಳು. "ಫೋನ್‌ನಲ್ಲಿ ಎಲ್ಲರೂ ಹೇಳ್ತಾರೆ ಅಜ್ಜಿ, ನ್ಯಾಚುರಲ್ ಅಲ್ವಾ?" ಅಂದಳು. ಬೆಳಿಗ್ಗೆ ನೋಡಿದರೆ ದಿಂಬಿನ ಕವರಿನ ಮೇಲೆ ಅವಳ ಕೆನ್ನೆಯಷ್ಟಗಲದ ಜಿಡ್ಡಿನ ಕಲೆ.

ಗಿಡದಿಂದ ಬಂದದ್ದು ಅಂದಮಾತ್ರಕ್ಕೆ ಎಲ್ಲ ಎಣ್ಣೆಯೂ ಮುಖಕ್ಕೆ ಒಗ್ಗುವುದಿಲ್ಲ. ಮೊಣಕೈ, ಹಿಮ್ಮಡಿ, ಕೂದಲು, ಒಡೆದ ಕೈ ಇವಕ್ಕೆ ಕೊಬ್ಬರಿ ಎಣ್ಣೆಯಂಥದ್ದು ಇನ್ನೊಂದಿಲ್ಲ ಅಂತ ನಾನು ಈಗಲೂ ಹೇಳುತ್ತೇನೆ. ಆದರೆ ಮುಖದ ಚರ್ಮ ಬೇರೆ. ಅಲ್ಲಿ ಜಿಡ್ಡು ಸುರಿಸುವ ಗ್ರಂಥಿಗಳೇ ಜಾಸ್ತಿ. ಕೊಬ್ಬರಿ ಎಣ್ಣೆಯ ಅರ್ಧದಷ್ಟು ಭಾಗ ಲಾರಿಕ್ ಆಮ್ಲ ಅನ್ನುವ ಕೊಬ್ಬಿನಾಮ್ಲ. ತುಸು ಚಳಿಯಾದರೂ ಬಾಟಲಿಯಲ್ಲೇ ಗಟ್ಟಿಯಾಗುವ ಎಣ್ಣೆ ಅದು. ಚರ್ಮದ ರಂಧ್ರ ಮುಚ್ಚುವ ಗುಣಕ್ಕೆ 0ಯಿಂದ 5ರವರೆಗೆ ಅಂಕ ಕೊಡುವ ಒಂದು ಪಟ್ಟಿ ಇದೆ. ಅದರಲ್ಲಿ ಕೊಬ್ಬರಿ ಎಣ್ಣೆಗೆ 4. ಆ ಪಟ್ಟಿ ಶುರುವಾದದ್ದು ಮೊಲದ ಕಿವಿಯ ಮೇಲೆ ಹಚ್ಚಿ ನೋಡಿದ ಪ್ರಯೋಗಗಳಿಂದ. ಹಾಗಾಗಿ ಅದನ್ನೇ ವೇದವಾಕ್ಯ ಅಂತ ಹಿಡಿಯಬೇಡಿ. ನಮ್ಮ ಅತ್ತೆಯವರು ಅಂಕೋಲೆಯಲ್ಲಿ ಜೀವಮಾನವಿಡೀ ಮುಖಕ್ಕೆ ಕೊಬ್ಬರಿ ಎಣ್ಣೆಯನ್ನೇ ಹಚ್ಚಿದರು. ಒಂದು ಮೊಡವೆಯೂ ಏಳಲಿಲ್ಲ. ನಾನು ಮದುವೆಯಾಗಿ ಹೋದ ಹೊಸದರಲ್ಲಿ ಅವರನ್ನು ನೋಡಿ ಹಚ್ಚಿಕೊಂಡೆ. ಕರಾವಳಿಯ ಸೆಕೆ, ಬೆವರು, ಮೇಲೆ ಈ ಎಣ್ಣೆ. ಎರಡೇ ತಿಂಗಳಲ್ಲಿ ಗಲ್ಲ, ಹಣೆ ಎಲ್ಲ ಗುಳ್ಳೆ.

ನನ್ನ ತವರು ನವಲಗುಂದದ ಕಡೆ. ಅಲ್ಲಿ ಅಡುಗೆಗೂ ಮೈಗೂ ಕುಸುಬಿ ಎಣ್ಣೆ. ಎರೆ ಹೊಲದಲ್ಲಿ ಹಿಂಗಾರಿ ಜೋಳದ ನಡುವೆ ಕುಸುಬಿಯನ್ನು ಅಕ್ಕಡಿ ಸಾಲಾಗಿ, ಅಂದರೆ ಮಿಶ್ರ ಬೆಳೆಯಾಗಿ, ಹಾಕುತ್ತಿದ್ದರು. ಹೊಲದ ಅಂಚಿಗೂ ಬಿತ್ತುತ್ತಿದ್ದರು, ಮುಳ್ಳಿಗೆ ಹೆದರಿ ದನ ಒಳಗೆ ಬರುವುದಿಲ್ಲ ಅಂತ. ಚಳಿಗಾಲದ ಒಣಗಾಳಿಗೆ ನಮ್ಮ ಕೆನ್ನೆ ಬಿರಿದು ಉರಿಯುತ್ತಿತ್ತು. ಅವ್ವ ಮುಖ ತೊಳೆಸಿ ಒರೆಸಲು ಬಿಡುತ್ತಿರಲಿಲ್ಲ. ಮುಖ ಇನ್ನೂ ಹಸಿಯಾಗಿರುವಾಗಲೇ ಬಟ್ಟಲಲ್ಲಿ ಬೆರಳ ತುದಿ ಅದ್ದಿ ಎರಡು ಹನಿ ತೆಗೆದು, ಎರಡೂ ಅಂಗೈಗೆ ಉಜ್ಜಿ, ಕೆನ್ನೆಗೆ ಒತ್ತುತ್ತಿದ್ದಳು. ತಿಕ್ಕುತ್ತಿರಲಿಲ್ಲ, ಒತ್ತುತ್ತಿದ್ದಳು ಅಷ್ಟೇ. ಹಾಗೇಕೆ ಅಂತ ನನಗೆ ತಿಳಿದದ್ದು ಎಷ್ಟೋ ವರ್ಷ ಆದಮೇಲೆ. ಎಣ್ಣೆಯಲ್ಲಿ ನೀರಿನಂಶ ಇಲ್ಲ. ಒಣಗಿದ ಮುಖಕ್ಕೆ ಅದು ತೇವ ಕೊಡಲಾರದು, ಇದ್ದ ತೇವವನ್ನು ಆರದಂತೆ ಹಿಡಿದಿಡುತ್ತದೆ. ಒಣ ಮುಖಕ್ಕೆ ಎಣ್ಣೆ ಬಳಿದು "ಹೊಳೆಯುತ್ತದೆ, ಆದರೆ ಬಿಗಿ ಹೋಗಲಿಲ್ಲ" ಅನ್ನುವವರು ಒಮ್ಮೆ ಹಸಿ ಮುಖಕ್ಕೆ ಹಚ್ಚಿ ನೋಡಿ.

ಕುಸುಬಿ ಎಣ್ಣೆ ಯಾಕೆ ಒಗ್ಗುತ್ತದೆ ಅಂದರೆ ಅದರಲ್ಲಿರುವ ಲಿನೋಲಿಕ್ ಆಮ್ಲದಿಂದ. ನಮ್ಮ ಸಾಮಾನ್ಯ ಕುಸುಬಿಯಲ್ಲಿ ಅದು 70 ಶೇಕಡದ ಆಸುಪಾಸು ಇರುತ್ತದೆ. ಚರ್ಮದ ಮೇಲ್ಪದರ ಇಟ್ಟಿಗೆ ಗೋಡೆ ಇದ್ದ ಹಾಗೆ. ಇಟ್ಟಿಗೆಗಳ ನಡುವಿನ ಗಾರೆ ಅಂದರೆ ಅಲ್ಲಿರುವ ಜಿಡ್ಡು. ಆ ಗಾರೆಗೆ ಲಿನೋಲಿಕ್ ಬೇಕು, ನಮ್ಮ ದೇಹ ಅದನ್ನು ತಾನಾಗಿ ಮಾಡಿಕೊಳ್ಳಲಾರದು. ಮೊಡವೆ ಏಳುವವರ ಮುಖದ ಜಿಡ್ಡಿನಲ್ಲಿ ಅದು ಕಡಿಮೆ ಇರುತ್ತದೆ ಅಂತಲೂ ಕಂಡುಕೊಂಡಿದ್ದಾರೆ. ಹುಚ್ಚೆಳ್ಳು ಎಣ್ಣೆ, ಸೂರ್ಯಕಾಂತಿ ಎಣ್ಣೆಯೂ ಇದೇ ಜಾತಿಯವು. ಆದರೆ ಬಾಟಲಿಯ ಮೇಲೆ ಹೈ ಓಲಿಕ್ ಅಂತ ಬರೆದಿದ್ದರೆ, ಅಂದರೆ ಲಿನೋಲಿಕ್ ಕಡಿಮೆಯಾಗಿ ಓಲಿಕ್ ಅನ್ನುವ ಬೇರೆ ಆಮ್ಲ ಜಾಸ್ತಿ ಇದ್ದರೆ, ಮುಖಕ್ಕೆ ಅದು ಬೇಡ. ಎರಡು ಮೂರು ಎಣ್ಣೆ ಬೆರೆಸಿದ ಅಡುಗೆ ಎಣ್ಣೆಯೂ ಬೇಡ.

ಆಲಿವ್ ಎಣ್ಣೆಯ ಮೇಲೆ ಈಗಿನವರಿಗೆ ಬಹಳ ನಂಬಿಕೆ. ಅಮೆರಿಕದಿಂದ ಬರುವವರು ಬಾಣಂತಿಗೂ ಕೂಸಿಗೂ ಅದನ್ನೇ ತಂದುಕೊಡುತ್ತಾರೆ. ಅದರಲ್ಲಿ ಜಾಸ್ತಿ ಇರುವುದು ಓಲಿಕ್ ಆಮ್ಲ. ಅದು ಮೇಲೆ ಹೇಳಿದ ಗಾರೆಯನ್ನು ಸಡಿಲ ಮಾಡುತ್ತದೆ. ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ದೊಡ್ಡವರ ಮುಂಗೈಗೆ ದಿನಕ್ಕೆ ಎರಡು ಸಲ ಆರಾರು ಹನಿ ಎಣ್ಣೆ, ನಾಲ್ಕೈದು ವಾರ. ಆಲಿವ್ ಹಚ್ಚಿದ ಕಡೆ ಚರ್ಮ ಸೋತು ಸ್ವಲ್ಪ ಕೆಂಪಾಯಿತು, ಸೂರ್ಯಕಾಂತಿ ಹಚ್ಚಿದ ಕಡೆ ಹಾಗಾಗಲಿಲ್ಲ. ಹತ್ತೊಂಬತ್ತೇ ಜನರ ಮೇಲೆ ನೋಡಿದ್ದು ಅದು, ಆದರೂ ಕೂಸಿನ ಎಳೆ ಚರ್ಮಕ್ಕೆ ಆಲಿವ್ ಸುರಿಯುವ ಮುಂಚೆ ಯೋಚಿಸಬೇಕಾದದ್ದೇ. ಸಲಾಡಿಗೆ ಹಾಕಿಕೊಳ್ಳಿ, ಒಳ್ಳೆಯದು.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಹರಳೆಣ್ಣೆ ತುಂಬಾ ಅಂಟು. ಒಡೆದ ತುಟಿಗೆ, ಕಾಡಿಗೆ ಒರೆಸಲಿಕ್ಕೆ ಚೆಂದ, ಮುಖವಿಡೀ ಬೇಡ. ಎಳ್ಳೆಣ್ಣೆ ದೀಪಾವಳಿಯ ಎಣ್ಣೆ ಸ್ನಾನಕ್ಕೆ ಸರಿ, ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಸೀಗೆಪುಡಿಯಲ್ಲಿ ತೊಳೆಯುತ್ತೀವಲ್ಲ, ಅದಕ್ಕೆ. ಸಾಸಿವೆ ಎಣ್ಣೆಯ ಘಾಟು ಚರ್ಮಕ್ಕೂ ಉರಿ ತರುತ್ತದೆ, ಮುಖಕ್ಕೆ ತಾಕಿಸಬೇಡಿ. ಬೇವಿನ ಎಣ್ಣೆ, ಟೀ ಟ್ರೀ ಎಣ್ಣೆ ಹಾಗೇ ನೇರವಾಗಿ ಹಚ್ಚಿದರೆ ಮುಖ ಸುಟ್ಟ ಹಾಗಾಗಬಹುದು. ಬಾದಾಮಿ ಹೇರ್ ಆಯಿಲ್ ಅಂತ ಬರುವ ಬಾಟಲಿಗಳ ಹಿಂಭಾಗ ಓದಿ. ಎಷ್ಟೋ ಸಲ ಮೊದಲ ಹೆಸರೇ ಮಿನರಲ್ ಆಯಿಲ್ ಇರುತ್ತದೆ, ಜೊತೆಗೆ ಸೆಂಟು. ಜೊಜೊಬಾ, ಆರ್ಗನ್ ಕೆಟ್ಟವಲ್ಲ. ಆದರೆ ಅಷ್ಟು ದುಡ್ಡು ಕೊಡಬೇಕೆಂದು ನನಗೆ ಅನಿಸುವುದಿಲ್ಲ. ಎಣ್ಣೆಗೆ ನಿಂಬೆರಸ ಬೆರೆಸುವುದನ್ನಂತೂ ಬಿಟ್ಟೇಬಿಡಿ. ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟು ಕಪ್ಪು ಕಲೆ ಬೀಳಬಹುದು, ಅದು ತಿಂಗಳುಗಟ್ಟಲೆ ಹೋಗದಿರಬಹುದು. ಯಾವ ಎಣ್ಣೆಯನ್ನೂ ಸನ್‌ಸ್ಕ್ರೀನ್ ಬದಲಿಗೆ ನಂಬಬೇಡಿ.

ಯಾವುದನ್ನು ಆರಿಸಿಕೊಂಡರೂ ಮೊದಲು ಮೊಣಕೈಯ ಒಳಬದಿಗೆ ಹಚ್ಚಿ ಎರಡು ದಿನ ನೋಡಿ. ತುರಿಕೆ, ಕೆಂಪು ಇಲ್ಲದಿದ್ದರೆ ದವಡೆಯ ಹತ್ತಿರ ಒಂದು ಪಟ್ಟಿಯಷ್ಟು ಜಾಗಕ್ಕೆ ಹಚ್ಚಿ ಎರಡು ವಾರ ನೋಡಿ. ಗುಳ್ಳೆ ಏಳಲು ಟೈಮ್ ಬೇಕು, ಮೂರೇ ದಿನಕ್ಕೆ ಏನೂ ಆಗಲಿಲ್ಲ ಅಂತ ಮುಖವಿಡೀ ಹಚ್ಚಿಬಿಡಬೇಡಿ. ಹಚ್ಚುವುದು ರಾತ್ರಿ, ಎರಡು ಮೂರು ಹನಿ ಸಾಕು. ಮೂಗಿನ ಪಕ್ಕ, ಹುಬ್ಬಿನಲ್ಲಿ ಹೊಟ್ಟಿನ ಹಾಗೆ ಸಿಪ್ಪೆ ಏಳುವವರು ಯಾವ ಎಣ್ಣೆಯನ್ನೂ ಹಚ್ಚಬಾರದು. ಅಲ್ಲಿ ಬೆಳೆಯುವ ಶಿಲೀಂಧ್ರಕ್ಕೆ ಎಣ್ಣೆಯೇ ಊಟ. ಕೀವು ತುಂಬಿದ ಮೊಡವೆ, ನೋಯುವ ಗಂಟು ಇದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ, ತಡ ಮಾಡಿದಷ್ಟೂ ಕಲೆ ಉಳಿಯುತ್ತದೆ.

ಮೊಮ್ಮಗಳಿಗೆ ನಾನು ಕುಸುಬಿ ಎಣ್ಣೆಯನ್ನೂ ಹಚ್ಚಲಿಲ್ಲ. ಅವಳದು ಮೊದಲೇ ಜಿಡ್ಡು ಮುಖ, ಅದಕ್ಕೆ ಮೇಲಿಂದ ಎಣ್ಣೆ ಬೇಕಿರಲಿಲ್ಲ. ಕೊಬ್ಬರಿ ಎಣ್ಣೆ ನಿಲ್ಲಿಸಿದೆವು. ತಲೆಗೆ ಹಚ್ಚುವುದಿದ್ದರೆ ಸ್ನಾನಕ್ಕೆ ಒಂದು ಗಂಟೆ ಮುಂಚೆ, ಹಣೆಗೆ ಇಳಿಯದ ಹಾಗೆ ಬಟ್ಟೆ ಕಟ್ಟಿ. ದಿಂಬಿನ ಕವರು ಎರಡು ದಿನಕ್ಕೊಮ್ಮೆ ಬದಲಾಯಿಸಿದೆವು. ರಜೆ ಮುಗಿಯುವ ಹೊತ್ತಿಗೆ ಹಣೆ ಅರ್ಧ ತಿಳಿಯಾಗಿತ್ತು, ದಸರೆಗೆ ಬಂದಾಗ ಪೂರ್ತಿ ನುಣುಪು. ಕುಸುಬಿ ಎಣ್ಣೆ ಬೇಕಾದದ್ದು ಅವಳ ಅಮ್ಮನಿಗೆ. ಬೆಂಗಳೂರಿನ ಏಸಿ ಆಫೀಸಿನಲ್ಲಿ ಕೂತು ಕೂತು ಕೆನ್ನೆ ಒಣಗಿ ಬಿಳಿಚಿಕೊಂಡಿತ್ತು. ತವರಿನ ಗಾಣದಿಂದ ತರಿಸಿ, ಬಣ್ಣದ ಗಾಜಿನ ಸಣ್ಣ ಬಾಟಲಿಗೆ ತುಂಬಿ ಕೊಟ್ಟೆ. ಈ ಎಣ್ಣೆ ಬೇಗ ಕಮಟುತ್ತದೆ. ಅದಕ್ಕೇ ಮುಚ್ಚಳದ ಮೇಲೆ ತಾರೀಖು ಬರೆದು ಅಂಟಿಸಿದ್ದೇನೆ, ಫ್ರಿಜ್ಜಿನ ಬಾಗಿಲಲ್ಲಿ ಇಡು, ಮೂರು ತಿಂಗಳಾದ ಮೇಲೆ ಹಚ್ಚಬೇಡ, ಒಗ್ಗರಣೆಗೂ ಹಾಕಬೇಡ, ಚೆಲ್ಲಿಬಿಡು ಅಂತ ಹೇಳಿ ಕಳಿಸಿದೆ.