ಹಳೇ ಕಾರಿನ ಏರ್‌ಬ್ಯಾಗ್ ಲೈಟ್ ಆರ್ತಾನೇ ಇರ್ಲಿಲ್ಲ, ನಾನು ಹುಡುಕಿದ್ದು ಹೀಗೆ

ನಮ್ಮದು 2011ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಟಾಪ್ ಎಂಡ್ ಮಾಡೆಲ್, ಮುಂದೆ ಎರಡು ಏರ್‌ಬ್ಯಾಗ್. ಇರೋದು ಸಾಗರದ ಕಡೆ. ಮೀಟರಲ್ಲಿ ಏರ್‌ಬ್ಯಾಗ್ ಲೈಟ್ ಮೊದಮೊದಲು ಬಂದು ಹೋಗಿ ಮಾಡ್ತಿತ್ತು, ಆಮೇಲೆ ಖಾಯಂ ಆಗಿ ಕೂತ್ಬಿಡ್ತು. ನಮ್ಮ ಕಡೆ ಈ ಲೈಟ್ ಬಂದ್ರೆ ಸಿಗೋ ಸಲಹೆ ಎರಡೇ. ಒಂದು, "ಗಾಡಿ ಓಡ್ತಾ ಇದ್ಯಲ್ಲ, ಬಿಡಿ ಸಾರ್". ಇನ್ನೊಂದು, "ಮಾಡ್ಯೂಲ್ ಹೋಗಿದೆ, ಚೇಂಜ್ ಮಾಡ್ಬೇಕು". ಮಾಡ್ಯೂಲ್ ಅಂದ್ರೆ ಏರ್‌ಬ್ಯಾಗನ್ನ ನೋಡ್ಕೊಳ್ಳೋ ಕಂಪ್ಯೂಟರ್ ಡಬ್ಬಿ. ನನಗೂ ಒಂದು ಕಡೆ ಸ್ಕ್ಯಾನರ್ ಹಾಕದೇನೇ ಮಾಡ್ಯೂಲ್ ಅಂತ ದೊಡ್ಡ ಎಸ್ಟಿಮೇಟ್ ಕೊಟ್ರು. ಸ್ಕ್ಯಾನರ್ ತೋರಿಸೋ ಫಾಲ್ಟ್ ಕೋಡ್ ಏನಿದೆ ಅಂತ ಕೇಳಿದ್ರೆ ಉತ್ತರ ಇಲ್ಲ. ಆಗ್ಲೇ ಅನ್ಕೊಂಡೆ, ಇದನ್ನ ನಾವೇ ನೋಡೋದು ವಾಸಿ ಅಂತ.

ಮೆಕ್ಯಾನಿಕ್‌ಗಳನ್ನ ಪೂರ್ತಿ ಬಯ್ಯೋ ಹಾಗೂ ಇಲ್ಲ ಬಿಡಿ. ನಮ್ಮಲ್ಲಿ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ ಆಗಿದ್ದೇ 2019ರ ಜುಲೈ 1ರಿಂದ. ಅದಕ್ಕೂ ಮುಂಚೆ ಸಣ್ಣ ಕಾರಲ್ಲಿ ಹೆಚ್ಚಾಗಿ ಟಾಪ್ ಎಂಡ್ ತಗೊಂಡವರಿಗೆ ಮಾತ್ರ ಇರ್ತಿತ್ತು, ಹಾಗಾಗಿ ಊರ ಗ್ಯಾರೇಜಿನವರ ಕೈಗೆ ಈ ಕೆಲಸ ಬಂದಿದ್ದೇ ಕಡಿಮೆ.

ಲೈಟ್ ಏನ್ ಹೇಳುತ್ತೆ ಅಂತ ಮೊದಲು ತಿಳ್ಕೊಂಡ್ರೆ ಒಳ್ಳೇದು. ಕೀ ಆನ್ ಮಾಡಿದಾಗ ಕೆಲವು ಸೆಕೆಂಡ್ ಹತ್ತಿ ಆರಿದ್ರೆ ಎಲ್ಲಾ ಸರಿ ಇದೆ ಅಂತ. ಮಾಡ್ಯೂಲ್ ಪ್ರತೀ ಸರ್ತಿ ಒಂದೊಂದು ಲೈನಿಗೂ ತೀರಾ ಸಣ್ಣ ಕರೆಂಟ್ ಬಿಟ್ಟು ರೆಸಿಸ್ಟೆನ್ಸ್ ಎಷ್ಟಿದೆ ನೋಡುತ್ತೆ. ಬ್ಯಾಗ್ ಉಬ್ಬಿಸೋ ಇಗ್ನೈಟರ್ ಇದ್ಯಲ್ಲ, ಅದರ ರೆಸಿಸ್ಟೆನ್ಸೇ ಸುಮಾರು 2 ಓಮ್. ಅಂದ್ರೆ ಯಾವ್ದೋ ಒಂದು ಪಿನ್ನಲ್ಲಿ ಕಿಲುಬು ಹಿಡಿದು ಎರಡು ಮೂರು ಓಮ್ ಜಾಸ್ತಿ ಆದ್ರೂ ಮಾಡ್ಯೂಲ್ ಬಾಯಿ ಬಡ್ಕೊಳ್ಳುತ್ತೆ. ಅದಕ್ಕೇ ಹಳೇ ಗಾಡೀಲಿ ಬಹುತೇಕ ಬ್ಯಾಗೂ ಸರಿ ಇರುತ್ತೆ, ಮಾಡ್ಯೂಲೂ ಸರಿ ಇರುತ್ತೆ, ತಕರಾರು ಇರೋದು ಮಧ್ಯದ ವೈರಲ್ಲಿ, ವೈರ್ ಜೋಡಿಸೋ ಕಪ್ಲರಲ್ಲಿ. ಸೀಟ್ ಬೆಲ್ಟ್ ಎಳೆದು ಬಿಗಿ ಮಾಡೋ ಪ್ರಿಟೆನ್ಷನರ್ ಕೂಡ ಇದೇ ಲೈಟಿಗೆ ಸೇರುತ್ತೆ, ಬೆಲ್ಟಿನ ವೈರ್ ಲೂಸ್ ಆದ್ರೂ ಬರೋದು ಏರ್‌ಬ್ಯಾಗ್ ಲೈಟೇ. ಲೈಟ್ ಹತ್ತಿದ್ದಾಗ ಗುದ್ದಿದ್ರೆ ಬ್ಯಾಗ್ ಬಿಚ್ಕೊಳ್ಳುತ್ತೆ ಅನ್ನೋ ಗ್ಯಾರಂಟಿ ಇಲ್ಲ.

ಆನ್‌ಲೈನಲ್ಲಿ ಸಿಗೋ ಕಡಿಮೆ ರೇಟಿನ ಬ್ಲೂಟೂತ್ ಸ್ಕ್ಯಾನರ್ ನನ್ನ ಹತ್ರ ಇತ್ತು, ಅದು ಬರೀ ಇಂಜಿನ್ ಕೋಡ್ ಓದುತ್ತೆ, "ನೋ ಫಾಲ್ಟ್" ಅಂತ ತೋರಿಸಿ ಸುಮ್ನಾಯ್ತು. ಅದನ್ನ ನಂಬ್ಕೊಂಡು ಕೂತ್ರೆ ಆಗಲ್ಲ, ಎಸ್‌ಆರ್‌ಎಸ್ ಅಂದ್ರೆ ಏರ್‌ಬ್ಯಾಗ್ ಸಿಸ್ಟಮ್ ಓದೋ ಸ್ಕ್ಯಾನರ್ರೇ ಬೇಕು. ಊರಲ್ಲಿ ಆಟೋ ಎಲೆಕ್ಟ್ರಿಷಿಯನ್ ಒಬ್ರು ಪರಿಚಯ, ಅವರ ಹತ್ರ ಇತ್ತು. ಹಾಕಿದ್ರೆ ಎರಡು ಕೋಡ್ ಬಂತು. ಡ್ರೈವರ್ ಸೀಟ್ ಬೆಲ್ಟ್ ಪ್ರಿಟೆನ್ಷನರ್ ರೆಸಿಸ್ಟೆನ್ಸ್ ಹೈ, ಪಕ್ಕದಲ್ಲಿ "ಪಾಸ್ಟ್". ಡ್ರೈವರ್ ಏರ್‌ಬ್ಯಾಗ್ ರೆಸಿಸ್ಟೆನ್ಸ್ ಹೈ, ಪಕ್ಕದಲ್ಲಿ "ಪ್ರೆಸೆಂಟ್". ಈ ಪಾಸ್ಟ್, ಪ್ರೆಸೆಂಟ್ ಅನ್ನೋದನ್ನ ಯಾರೂ ಗಮನಿಸಲ್ಲ, ಅರ್ಧ ಕೆಲಸ ಅಲ್ಲೇ ಇರೋದು. ಪಾಸ್ಟ್ ಅಂದ್ರೆ ಯಾವಾಗ್ಲೋ ಬಂದು ಹೋಗಿದ್ದು, ಅಳಿಸಿದ್ರೆ ಹೋಗುತ್ತೆ. ಪ್ರೆಸೆಂಟ್ ಅಂದ್ರೆ ಈಗ ಈ ಕ್ಷಣದಲ್ಲೇ ಇದೆ, ಎಷ್ಟು ಅಳಿಸಿದ್ರೂ ಮತ್ತೆ ಬರುತ್ತೆ. ಎರಡನ್ನೂ ಫೋಟೋ ತೆಗೆದಿಟ್ಕೊಂಡೆ.

ಕೈ ಹಾಕೋ ಮುಂಚೆ ಒಂದು ವಿಷಯ. ಏರ್‌ಬ್ಯಾಗ್ ಅನ್ನೋದು ಸ್ಫೋಟಕ ಇರೋ ಸಾಮಾನು, ತಮಾಷೆ ಅಲ್ಲ. ಬ್ಯಾಟರಿ ಮೈನಸ್ ಬಿಚ್ಚಿ ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟು ಹೊತ್ತು ಕಾಯ್ಬೇಕು, ಮಾಡ್ಯೂಲ್ ಒಳಗೆ ಕೆಪಾಸಿಟರ್ ಇರುತ್ತೆ, ಬ್ಯಾಟರಿ ಇಲ್ದೇನೂ ಸ್ವಲ್ಪ ಹೊತ್ತು ಬ್ಯಾಗ್ ಹಾರಿಸೋ ಶಕ್ತಿ ಇಟ್ಕೊಂಡಿರುತ್ತೆ. ನಾನು ಒಂದು ಟೀ ಕುಡ್ದು ಬಂದೇ ಕೈ ಹಾಕೋದು. ಹಳದಿ ಬಣ್ಣದ ಕಪ್ಲರ್, ಹಳದಿ ಕೊಳವೆಯ ವೈರ್ ಕಂಡ್ರೆ ಅದು ಏರ್‌ಬ್ಯಾಗ್ ಲೈನ್ ಅಂತ ಅರ್ಥ. ಬ್ಯಾಗಿನ ಪಿನ್ನಿಗೆ ಮಲ್ಟಿಮೀಟರ್ ಹಚ್ಚೋದು ಬೇಡವೇ ಬೇಡ. ಮೀಟರ್ ಬಿಡೋ ಕರೆಂಟ್ ಸಣ್ಣದು, ಏನಾಗಲ್ಲ ಅಂತ ವಾದ ಮಾಡೋರಿದ್ದಾರೆ, ಆದ್ರೆ ಮುಖದ ಮುಂದೆ ಇಟ್ಕೊಂಡು ಆ ವಾದ ಪರೀಕ್ಷೆ ಮಾಡೋ ಹುಚ್ಚು ನನಗಿಲ್ಲ.

ಮೊದಲು ಸುಲಭದ್ದು, ಸೀಟಿನ ಕೆಳಗೆ. ಸೀಟ್ ಪೂರ್ತಿ ಹಿಂದಕ್ಕೆ ತಳ್ಳಿ ಟಾರ್ಚ್ ಬಿಟ್ರೆ ಬೆಲ್ಟಿನ ಹಳದಿ ಕಪ್ಲರ್ ಕಾಣ್ತು. ಮಳೆಗಾಲದಲ್ಲಿ ನಮ್ಮ ಚಪ್ಪಲಿ ನೀರೆಲ್ಲಾ ಕಾರ್ಪೆಟಿಗೆ ಇಳಿದು ಒಣಗೋದೇ ಇಲ್ಲ, ಪಿನ್ ಮೇಲೆ ಹಸಿರು ಕಿಲುಬು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಆರೋಕೆ ಬಿಟ್ಟು, ಟಿಕ್ ಅಂತ ಲಾಕ್ ಆಗೋವರೆಗೂ ಒತ್ತಿ, ವೈರ್ ನೇತಾಡದ ಹಾಗೆ ಟೈ ಹಾಕ್ದೆ. ಸೀಟ್ ಕೆಳಗೆ ಆಂಪ್ಲಿಫೈಯರ್ ಇಡಿಸಿದವರು, ಸೀಟ್ ಕವರ್ ಹಾಕಿಸಿದವರು ಮೊದಲು ಇಲ್ಲೇ ನೋಡಿ. ಇಲಿ ಕಾಟ ಇರೋರೂನೂ. ಪಾಸ್ಟ್ ಕೋಡ್ ಅಳಿಸಿದ್ಮೇಲೆ ಮತ್ತೆ ಬರ್ಲಿಲ್ಲ.

ಇನ್ನು ಪ್ರೆಸೆಂಟ್ ಕೋಡ್. ಇದರ ಸುಳಿವು ಹಾರ್ನಲ್ಲಿತ್ತು. ಕೆಲವು ತಿರುವಲ್ಲಿ ಹಾರ್ನ್ ಒತ್ತಿದ್ರೆ ಬರ್ತಿರ್ಲಿಲ್ಲ, ಘಾಟಿ ರಸ್ತೆ ನಮ್ದು, ಹಾರ್ನ್ ಇಲ್ದೆ ಆಗಲ್ಲ, ಹಾಗಾಗಿ ಬೇಗ ಗೊತ್ತಾಯ್ತು. ಹಾರ್ನಿನ ವೈರೂ ಡ್ರೈವರ್ ಏರ್‌ಬ್ಯಾಗಿನ ವೈರೂ ಸ್ಟೇರಿಂಗ್ ಒಳಗಿರೋ ಕ್ಲಾಕ್ ಸ್ಪ್ರಿಂಗ್ ಮೂಲಕಾನೇ ಹೋಗೋದು. ಹಳೇ ಕ್ಯಾಸೆಟ್ಟಿನ ಟೇಪ್ ಥರ ಚಪ್ಪಟೆ ಪಟ್ಟಿ ಸುತ್ತಿಟ್ಟಿರ್ತಾರೆ, ಸ್ಟೇರಿಂಗ್ ತಿರುಗಿಸಿದ ಹಾಗೆ ಸುತ್ಕೊಳ್ಳುತ್ತೆ, ಬಿಚ್ಕೊಳ್ಳುತ್ತೆ, ವರ್ಷಗಟ್ಟಲೆ ಹೀಗೆ ಆಗಿ ಒಂದು ಕಡೆ ತಾಮ್ರ ಬಿರುಕು ಬಿಡುತ್ತೆ. ಎಲೆಕ್ಟ್ರಿಷಿಯನ್ ಅಣ್ಣ, "ಮೇಷ್ಟ್ರೇ, ಇದು ಕ್ಲಾಕ್ ಸ್ಪ್ರಿಂಗೇ, ಕಣ್ಮುಚ್ಕೊಂಡ್ ಹಾಕ್ಸಿ" ಅಂದ್ರು. ಅನುಮಾನ ಸರಿ, ಆದ್ರೆ ನಾನು ಸೈನ್ಸ್ ಮೇಷ್ಟ್ರು, ಸಾಬೀತು ಆಗ್ದೆ ದುಡ್ಡು ಬಿಚ್ಚೋ ಜಾತಿ ಅಲ್ಲ.

ಬ್ಯಾಟರಿ ಬಿಚ್ಚಿ ಕಾದು, ಸ್ಟೇರಿಂಗ್ ಹಿಂದಿನ ಸ್ಟಾರ್ ಸ್ಕ್ರೂ ತೆಗೆದು ಬ್ಯಾಗ್ ಹೊರಗೆ ತೆಗೆದ್ವಿ. ಎತ್ಕೊಂಡು ಹೋಗುವಾಗ ಕವರ್ ಇರೋ ಕಡೆ ಮೈಗೆ ವಿರುದ್ಧವಾಗಿ ಇರ್ಬೇಕು, ಟೇಬಲ್ ಮೇಲೆ ಇಡುವಾಗ ಕವರ್ ಮೇಲ್ಮುಖ. ಬೋರಲು ಹಾಕಿದ್ರೆ, ಹಾರಿದಾಗ ಇಡೀ ಡಬ್ಬಾನೇ ಮೇಲಕ್ಕೆ ಚಿಮ್ಮುತ್ತೆ. ಟಿವಿ ರಿಪೇರಿ ಅಂಗಡೀಲಿ 2.2 ಓಮಿನ ರೆಸಿಸ್ಟರ್ ತಂದಿದ್ದೆ, ಒಂದೆರಡು ರೂಪಾಯಿದು. ಬ್ಯಾಗಿಗೆ ಹೋಗೋ ಪ್ಲಗ್ಗಿಗೆ ಅದನ್ನ ಸಿಕ್ಕಿಸಿ, ಬ್ಯಾಟರಿ ವಾಪಸ್ ಕೊಟ್ಟು, ಕೀ ಆನ್. ಮಾಡ್ಯೂಲಿಗೆ ಈಗ ಬ್ಯಾಗ್ ಇದೆ ಅಂತಾನೇ ಲೆಕ್ಕ. ಲೈಟ್ ಹೋದ್ರೆ ಬ್ಯಾಗೇ ಕೆಟ್ಟಿದೆ, ಹೋಗ್ಲಿಲ್ಲ ಅಂದ್ರೆ ಅದರ ಹಿಂದಿನ ವೈರ್. ಹೋಗ್ಲಿಲ್ಲ. ಸ್ಕ್ಯಾನರಲ್ಲಿ ಲೈವ್ ಡೇಟಾ, ಅಂದ್ರೆ ಆ ಕ್ಷಣದ ರೆಸಿಸ್ಟೆನ್ಸ್ ನಂಬರ್, ಇಟ್ಕೊಂಡು ನಿಧಾನಕ್ಕೆ ಸ್ಟೇರಿಂಗ್ ತಿರುಗಿಸ್ದೆ. ಎಡಕ್ಕೆ ಅರ್ಧ ಸುತ್ತು ತಿರುಗಿಸಿದ್ರೆ ನಂಬರ್ ಸರಿ ಬರುತ್ತೆ, ಒಂಚೂರು ವಾಪಸ್ ತಂದ್ರೆ ಹಾರಿಬಿಡುತ್ತೆ, ಅದೇ ಜಾಗದಲ್ಲಿ ಹಾರ್ನೂ ಸಾಯುತ್ತೆ. ಮತ್ತೆ ಬ್ಯಾಟರಿ ಬಿಚ್ಚಿ, ರೆಸಿಸ್ಟರ್ ತಂದು ಸ್ಟೇರಿಂಗ್ ಕಾಲಮ್ ಕೆಳಗಿನ ಕಪ್ಲರಿಗೆ, ಅಂದ್ರೆ ಕ್ಲಾಕ್ ಸ್ಪ್ರಿಂಗನ್ನೇ ಬಿಟ್ಟು ಹಾಕಿದ್ರೆ ನಂಬರ್ ಅಲ್ಲಾಡ್ಲೇ ಇಲ್ಲ, ಕೋಡ್ ಪ್ರೆಸೆಂಟ್‌ನಿಂದ ಪಾಸ್ಟ್ ಆಯ್ತು. ಇನ್ನೇನ್ ಬೇಕು.

ಹೊಸದು ಒರಿಜಿನಲ್ಲೇ ತರಿಸ್ದೆ. ಗುಜರಿ ಗಾಡಿಯಿಂದ ತೆಗೆದದ್ದು ಕಡಿಮೆಗೆ ಸಿಗುತ್ತೆ, ಆದ್ರೆ ಅದೂ ಅಷ್ಟೇ ವರ್ಷ ಸುತ್ತಿರೋದು ತಾನೆ. ಹಾಕೋವಾಗ ಮುಂದಿನ ಚಕ್ರ ನೇರ ಇರ್ಬೇಕು, ಸ್ಟೇರಿಂಗ್ ಮತ್ತೆ ಶಾಫ್ಟ್ ಮೇಲೆ ಮಾರ್ಕ್ ಹಾಕ್ಕೊಳ್ಳಿ, ನಟ್ ಪೂರ್ತಿ ತೆಗೀಬೇಡಿ, ನಾಲ್ಕು ಎಳೆ ಬಿಟ್ಟು ಸ್ಟೇರಿಂಗ್ ಎಳೀರಿ, ಇಲ್ಲಾಂದ್ರೆ ಬಿಟ್ಕೊಂಡಾಗ ಹಲ್ಲಿಗೆ ಬರುತ್ತೆ. ಹೊಸ ಕ್ಲಾಕ್ ಸ್ಪ್ರಿಂಗಿಗೆ ಸೆಂಟರ್ ತಪ್ಪದ ಹಾಗೆ ಲಾಕ್ ಕೊಟ್ಟಿರ್ತಾರೆ, ಕೂರಿಸೋವರೆಗೂ ಅದನ್ನ ಕೀಳ್ಬಾರ್ದು. ಸೆಂಟರ್ ತಪ್ಪಿ ಕೂರಿಸಿದ್ರೆ ಮೊದಲನೇ ಯೂ ಟರ್ನಲ್ಲೇ ಪಟ್ಟಿ ಹರಿಯುತ್ತೆ. ಹಾಕಿ, ಕೋಡ್ ಅಳಿಸಿ, ಕೀ ಆನ್ ಮಾಡಿದ್ರೆ ಲೈಟ್ ಹತ್ತಿ ಆರ್ತು. ಹಾರ್ನ್ ಎಲ್ಲಾ ತಿರುವಲ್ಲೂ ಬರ್ತಿದೆ.

ಆ ರೆಸಿಸ್ಟರ್ ಪರೀಕ್ಷೆಗೆ ಮಾತ್ರ, ಮುಗಿದ ಮೇಲೆ ತೆಗೆದು ಡ್ರಾಯರ್ ಸೇರಿಸ್ದೆ. ಬ್ಯಾಗ್ ಹಾರಿಹೋದ ಗಾಡಿಗೆ ಇದೇ ರೆಸಿಸ್ಟರ್ ಇಟ್ಟು ಲೈಟ್ ಆರಿಸಿ ಮಾರೋರೂ ಇದ್ದಾರೆ, ಇನ್ನೂ ಸೋಮಾರಿಗಳು ಮೀಟರಿನ ಬಲ್ಬನ್ನೇ ಕಿತ್ತಿರ್ತಾರೆ. ಸೆಕೆಂಡ್ ಹ್ಯಾಂಡ್ ನೋಡುವಾಗ ಕೀ ಆನ್ ಮಾಡಿದ ತಕ್ಷಣ ಆ ಲೈಟ್ ಬರ್ಲೇ ಇಲ್ಲ ಅಂದ್ರೆ ಖುಷಿ ಪಡ್ಬೇಡಿ, ಸ್ಕ್ಯಾನರ್ ಹಾಕ್ಸಿ, ಡ್ಯಾಶ್ ಮೇಲಿನ ಏರ್‌ಬ್ಯಾಗ್ ಮುಚ್ಚಳದ ಅಂಚೂ ನೋಡಿ.

ಇನ್ನೊಂದು, ಲೈಟ್ ನೋಡೋದು ಕರೆಂಟಿನ ದಾರಿ ಮಾತ್ರ, ಒಳಗಿನ ಮದ್ದು ಹೇಗಿದೆ ಅಂತ ಅದಕ್ಕೆ ಗೊತ್ತಾಗಲ್ಲ. ಜಪಾನಿನ ಟಕಾಟಾ ಕಂಪನಿ ಇನ್‌ಫ್ಲೇಟರ್‌ಗಳ, ಅಂದ್ರೆ ಬ್ಯಾಗ್ ಉಬ್ಬಿಸೋ ಡಬ್ಬಿಗಳ, ಗಲಾಟೆ ಕೇಳಿರ್ಬೋದು, ಅಮೋನಿಯಂ ನೈಟ್ರೇಟ್ ಮದ್ದು ಸೆಖೆ ತೇವದಲ್ಲಿ ವರ್ಷಗಟ್ಟಲೆ ಇದ್ದು ಹಾಳಾಗಿ, ಹಾರಿದಾಗ ಲೋಹದ ಚೂರು ಎಸೀತಿತ್ತು, 2017ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕ್ತು. ಆ ಕಾಲದ ಸುಮಾರು ಗಾಡಿಗಳು ನಮ್ಮ ದೇಶದಲ್ಲೂ ರೀಕಾಲ್ ಆಗಿವೆ. ಕಾರ್ ಕಂಪನಿ ವೆಬ್‌ಸೈಟಲ್ಲಿ ಚಾಸಿಸ್ ನಂಬರ್ ಹಾಕಿದ್ರೆ ನಿಮ್ಮದು ಲಿಸ್ಟಲ್ಲಿ ಇದ್ಯಾ ಇಲ್ವಾ ತೋರಿಸುತ್ತೆ, ಇದ್ರೆ ಬದಲಾಯಿಸೋದು ಫ್ರೀ. ನಮ್ಮದು ಇರ್ಲಿಲ್ಲ. ಅಕ್ಕನ ಮನೇದು ಇತ್ತು, ಭಾವ ಹೋಗಿ ಹಾಕಿಸ್ಕೊಂಡು ಬಂದ್ರು.