ಐದಡಿ ಮೂರಿಂಚಿನವರಿಗೆ ಗಾಲ್ಫ್ ಕ್ಲಬ್: ಉದ್ಯಮಬಾಗದ ಲೇತ್ ಅಂಗಡಿಯಲ್ಲಿ ನಾನು ಮಾಡಿದ್ದು

ಎತ್ತರ ನೋಡಿ ಗಾಲ್ಫ್ ಕ್ಲಬ್, ಅಂದರೆ ಚೆಂಡು ಹೊಡೆಯುವ ಕೋಲು, ಕತ್ತರಿಸುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಕುಳ್ಳಗಿದ್ದಾರಾ, ಒಂದಿಂಚು ತೆಗಿ. ಇನ್ನೂ ಕುಳ್ಳಗಿದ್ದಾರಾ, ಒಂದೂವರೆ ತೆಗಿ. ಮೇಲೆ ಹೊಸ ಗ್ರಿಪ್ ಹಾಕಿ ಕೊಟ್ಟುಬಿಡು. ಹೀಗೆ ಕೆಟ್ಟು ಬಂದ ಸೆಟ್‌ಗಳೇ ನನಗೆ ಈ ಕೆಲಸ ಹಚ್ಚಿದ್ದು. ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದು ಹೈಡ್ರಾಲಿಕ್ ಸಿಲಿಂಡರ್‌ನ ಬಿಡಿಭಾಗ ಮಾಡುವ ಸಣ್ಣ ಅಂಗಡಿ. ಎರಡು ಲೇತ್, ಒಂದು ಮಿಲ್ಲಿಂಗ್, ಒಂದು ಟಿಗ್ ವೆಲ್ಡಿಂಗ್ ಸೆಟ್. ಭಾನುವಾರ ಗಾಲ್ಫ್. ಈಗ ಶನಿವಾರ ಸಂಜೆಯೂ ಗಾಲ್ಫೇ, ಆದರೆ ವೈಸ್‌ ಮುಂದೆ ನಿಂತು.

ಶುರು ಮಾಡಿದಾಗ ಯಾರೂ ನಂಬಲಿಲ್ಲ. ಕ್ಲಬ್ ಚೀಲ ಹೊರುವ ನಮ್ಮ ಹಿರಿಯ ಕ್ಯಾಡಿ ಕಾಕಾ ಅಂತೂ ಮುಖಕ್ಕೇ ಹೇಳಿದರು: "ಇದೇನು ಗಿಡ ಕಡಿಯೋ ಕೊಡ್ಲಿ ಅಂತ ತಿಳದೀರೇನ್ರೀ? ಲೇತ್ ಮ್ಯಾಲೆ ಹಾಕಿ ತಿರುವಿದ್ರ ಬಾಲ್ ಸೀದಾ ಹೋಗ್ತದೇನು?" ಜೊತೆಗೆ ಆಡುವವರಿಗೂ ಅದೇ ಅನುಮಾನ. ಪುಣೆಗೋ ಬೆಂಗಳೂರಿಗೋ ಕಳಿಸಬೇಕಾದದ್ದನ್ನು ಇವನು ಇಲ್ಲೇ ಮಾಡುತ್ತಾನಂತೆ ಅಂತ ನಗುತ್ತಿದ್ದರು. ಈಗ ಅವರ ಸೆಟ್‌ಗಳೂ ನನ್ನ ಬೆಂಚ್ ಮೇಲೇ ಇವೆ. ಅದಕ್ಕೇ ಬರೆಯುತ್ತಿದ್ದೇನೆ.

ಎತ್ತರ ಅಳೆಯುವುದನ್ನು ನಾನು ಬಿಟ್ಟಿಲ್ಲ, ಆದರೆ ಅದನ್ನು ಕೊನೆಗೆ ಬರೆದುಕೊಳ್ಳುತ್ತೇನೆ. ಮೊದಲ ಅಳತೆ ಮಣಿಕಟ್ಟಿನ ಗೆರೆಯಿಂದ ನೆಲಕ್ಕೆ. ಆಡುವ ಬೂಟು ಹಾಕಿ ನೆಟ್ಟಗೆ ನಿಲ್ಲಬೇಕು, ಕೈ ಸುಮ್ನೆ ಜೋತುಬಿಡಬೇಕು, ಭುಜ ಎತ್ತಬಾರದು. ಅಳೆಯುತ್ತಾರೆ ಅಂತ ಗೊತ್ತಾದ ಕೂಡಲೇ ಜನ ಸೈನ್ಯದ ಪೆರೇಡಿನ ಹಾಗೆ ಸೆಟೆದು ನಿಲ್ಲುತ್ತಾರೆ, ಅರ್ಧ ಇಂಚು ಅಲ್ಲೇ ಹೋಗುತ್ತದೆ. ಅದಕ್ಕೆ ಮಾತಿಗೆಳೆದು ಅಳೆಯುತ್ತೇನೆ. ಪಿಂಗ್ ಕಂಪನಿಯ ಕಾರ್ಸ್ಟನ್ ಸೋಲ್ಹೈಮ್ 1970ರ ದಶಕದಲ್ಲೇ ಬಣ್ಣದ ಚುಕ್ಕಿಯ ಪಟ್ಟಿ ಮಾಡಿ ಈ ಎರಡು ಅಳತೆಗಳನ್ನು ಜೋಡಿಸಿಟ್ಟಿದ್ದರು. ನಾವು ಇನ್ನೂ ಎತ್ತರವೊಂದನ್ನೇ ಹಿಡಿದು ಕೂತಿದ್ದೇವೆ.

ನನಗೆ ಇದು ಮನದಟ್ಟಾದದ್ದು ಒಂದೇ ಎತ್ತರದ ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸಿದಾಗ. ಇಬ್ಬರೂ ಐದಡಿ ಎಂಟಿಂಚು. ಒಬ್ಬರ ಮಣಿಕಟ್ಟು ನೆಲದಿಂದ 35 ಇಂಚಿನ ಹತ್ತಿರ, ಇನ್ನೊಬ್ಬರದು 32ರ ಚಿಲ್ಲರೆ. ಮೊದಲನೆಯವರಿಗೆ ಅಂಗಡಿಯ ಸೆಟ್ ಹಾಗೆಯೇ ಸರಿ. ಎರಡನೆಯವರ ಕೈ ಮೊಣಕಾಲಿನತ್ತ ಇಳಿದಿದೆ, ಅವರಿಗೆ ಅರ್ಧ ಇಂಚು ಗಿಡ್ಡ, ಲೈ (ಶಾಫ್ಟು, ಅಂದರೆ ಕ್ಲಬ್ಬಿನ ಕೋಲು, ನೆಲದಿಂದ ಏಳುವ ಕೋನ) ಒಂದು ಡಿಗ್ರಿ ಫ್ಲಾಟ್, ಅಂದರೆ ಮಲಗಿದ್ದು. ಎತ್ತರ ಕೇಳಿ ಕತ್ತರಿಸುವವರು ಇಬ್ಬರಿಗೂ ಒಂದೇ ಸೆಟ್ ಕೊಡುತ್ತಿದ್ದರು.

ಈಗ ತಲೆಬರಹದವರ ವಿಷಯ. ಒಬ್ಬ ಡಾಕ್ಟರ್, ಐದಡಿ ಮೂರಿಂಚು. ಬೇರೆ ಊರಲ್ಲಿ ಯಾರೋ ಅವರ ಚಪ್ಪಟೆ ಲೋಹದ ತಲೆಯ ಕ್ಲಬ್ಬುಗಳಿಗೆ, ಅಂದರೆ ಐರನ್‌ಗಳಿಗೆಲ್ಲ ಒಂದೂವರೆ ಇಂಚು ಕತ್ತರಿ ಹಾಕಿದ್ದರು. ಚೆಂಡು ಬಲಕ್ಕೆ ಹೋಗುತ್ತಿತ್ತು, ಕ್ಲಬ್ ಕೈಯಲ್ಲಿದೆ ಅನ್ನಿಸುತ್ತಲೇ ಇರಲಿಲ್ಲ. ಸೋಲ್, ಅಂದರೆ ತಲೆಯ ತಳ ನೋಡಿದರೆ ಸವೆತವೆಲ್ಲ ಟೋ ಕಡೆ, ಹೊರತುದಿಗೆ. ಮಣಿಕಟ್ಟು ಅಳೆದರೆ ಮೂವತ್ತೆರಡೂವರೆ. ಅಂದರೆ ಮನುಷ್ಯ ಕುಳ್ಳ, ಕೈಯೂ ಗಿಡ್ಡ, ಹಾಗಾಗಿ ಹಿಡಿಕೆಯ ಎತ್ತರ ಅಷ್ಟೇನೂ ಕೆಳಗಿಲ್ಲ. ಅವರಿಗೆ ಬೇಕಾದದ್ದು ಬರೀ ಅರ್ಧ ಇಂಚಿನ ಕಡಿತ. ಒಂದಿಂಚನ್ನು ವಾಪಸ್ ಕೊಡಬೇಕಾಯಿತು.

ಉದ್ದದ ಲೆಕ್ಕ ನಿಮಗೆ ಗೊತ್ತೇ ಇದೆ. ಕಷ್ಟ ಇರುವುದು ತೂಕದಲ್ಲಿ. ಅರ್ಧ ಇಂಚು ತೆಗೆದರೆ ಸ್ವಿಂಗ್ ವೇಟ್, ಅಂದರೆ ಬೀಸುವಾಗ ತಲೆ ಎಷ್ಟು ಭಾರ ಅನ್ನಿಸುತ್ತದೆ ಅನ್ನುವ ಅಳತೆ, ಹೆಚ್ಚುಕಡಿಮೆ ಮೂರು ಪಾಯಿಂಟ್ ಇಳಿಯುತ್ತದೆ. ಇದನ್ನು ಅಕ್ಷರ, ಅಂಕಿಯಲ್ಲಿ ಹೇಳುತ್ತಾರೆ, ಸಿ9 ಆದ ಮೇಲೆ ಡಿ0. ಒಂದೂವರೆ ತೆಗೆದ ಡಾಕ್ಟರ ಸೆಟ್ ಡಿ1ರಿಂದ ಸಿ2ರ ಆಸುಪಾಸಿಗೆ ಬಂದಿತ್ತು. ಅದನ್ನು ಬೀಸಿದರೆ ತುದಿಯಲ್ಲಿ ತಲೆ ಇದೆಯೋ ಇಲ್ಲವೋ ತಿಳಿಯುವುದಿಲ್ಲ.

ಸ್ವಿಂಗ್ ವೇಟ್ ತಕ್ಕಡಿ ಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಒಂದು ಅಲ್ಯೂಮಿನಿಯಂ ಚಾನೆಲ್, ಅದರ ಮೇಲೆ ಗ್ರಿಪ್ ತುದಿಗೆ ಒಂದು ಸ್ಟಾಪರ್, ಹರಿತವಾದ ಒಂದು ಅಂಚು, ಸ್ಟೀಲ್ ಸ್ಕೇಲ್. ಕ್ಲಬ್ ಎಲ್ಲಿ ತೂಗಿ ನಿಲ್ಲುತ್ತದೆ ಅಂತ ನೋಡಿ, ಗ್ರಿಪ್ ತುದಿಯಿಂದ ಆ ಜಾಗಕ್ಕೆ ಎಷ್ಟು ಇಂಚು ಅಂತ ಬರೆದು, ಅದರಲ್ಲಿ 14 ಕಳೆಯಿರಿ. ಉಳಿದದ್ದನ್ನು ಕ್ಲಬ್ಬಿನ ಗ್ರಾಂ ತೂಕದಿಂದ ಗುಣಿಸಿ. ಬರುವ ಸಂಖ್ಯೆಯಲ್ಲಿ ಸುಮಾರು 50 ಹೆಚ್ಚಾದರೆ ಒಂದು ಪಾಯಿಂಟ್ ಏರಿದಂತೆ. ಡಿ2 ಅಂತ ಖಾತ್ರಿ ಇರುವ ಒಂದು ಕ್ಲಬ್ಬನ್ನು ಮೊದಲು ತೂಗಿಟ್ಟುಕೊಂಡರೆ ಮಿಕ್ಕದ್ದೆಲ್ಲ ಅದಕ್ಕೆ ಹೋಲಿಸಿದರಾಯಿತು. ಡಿಜಿಟಲ್ ಕಾಟಾ ಸೇರಿ ಎಲ್ಲಾ ಏಳೆಂಟು ನೂರು ರೂಪಾಯಿಯಲ್ಲಿ ಮುಗಿಯಿತು. ಸ್ನೇಹಿತರೊಬ್ಬರು ತಮ್ಮ ದುಬಾರಿ ತಕ್ಕಡಿ ತಂದು ಪಕ್ಕದಲ್ಲಿಟ್ಟು ಪರೀಕ್ಷೆ ಮಾಡಿದರು. ಅರ್ಧ ಪಾಯಿಂಟ್ ವ್ಯತ್ಯಾಸ ಬಂತು. ನನ್ನದೇ ಸರಿ ಅಂತ ಈಗಲೂ ನನ್ನ ವಾದ.

ಉದ್ದ ಕೂಡಿಸಲು ಬಟ್, ಅಂದರೆ ಶಾಫ್ಟಿನ ಹಿಡಿಕೆ ತುದಿಯ ಒಳಗೆ ಒಂದು ಪ್ಲಗ್ ಬೇಕು. ಮೊದಲು ಬಿದಿರು ತುರುಕಿ ನೋಡಿದೆ. ಅಂಟು ಕುಡಿದು ಗಟ್ಟಿ ಕೂತಿತು, ಆದರೆ ಮಳೆಗಾಲ ಮುಗಿಯುವ ಹೊತ್ತಿಗೆ ಗ್ರಿಪ್ ಒಳಗೆ ಕಿರ್ ಕಿರ್ ಸದ್ದು. ಸಾಗವಾನಿ ಪರವಾಗಿರಲಿಲ್ಲ, ಆದರೆ ಎಲ್ಲ ತುಂಡೂ ಒಂದೇ ತೂಕ ಬರುವುದಿಲ್ಲ. ಮೈಲ್ಡ್ ಸ್ಟೀಲ್ ತಿರುವಿದರೆ ಹಿಡಿಕೆಯೇ ಭಾರವಾಗಿ ಸ್ವಿಂಗ್ ವೇಟ್ ಇನ್ನೂ ಕೆಳಗೆ. ಕೊನೆಗೆ ಅಲ್ಯೂಮಿನಿಯಂ ಪೈಪು. ಶಾಫ್ಟಿನ ಒಳಗೆ ಒಂದೂವರೆ ಇಂಚಿನಷ್ಟು ಇಳಿಯಬೇಕು, ಹೊರಗೆ ಒಂದಿಂಚು. ಹೊರ ವ್ಯಾಸ ಶಾಫ್ಟಿನ ಬಟ್‌ಗೆ ಸಮ, ಸ್ಟೀಲ್ ಶಾಫ್ಟಾದರೆ 0.600 ಇಂಚು. ಒಳಗೆ ಹೋಗುವ ಭಾಗಕ್ಕೆ ಎಷ್ಟು ಸಡಿಲ ಬಿಡಬೇಕು, ಅದರ ಮೇಲೆ ಗೀರು ಹೇಗೆ ಎಳೆಯಬೇಕು ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ನಾನು ಹಾಕಿದ ಪ್ಲಗ್ ಇವತ್ತಿನವರೆಗೆ ಒಂದೂ ತಿರುಗಿಲ್ಲ.

ತಲೆಗೆ ತೂಕ ಕೂಡಿಸುವುದು ನನ್ನ ಅಚ್ಚುಮೆಚ್ಚಿನ ಭಾಗ. ಎರಡು ಗ್ರಾಂ ಅಂದರೆ ಒಂದು ಪಾಯಿಂಟ್. ಸೀಸದ ಟೇಪ್ ಅಂಟಿಸಬಹುದು, ಆದರೆ ಹುಲ್ಲು, ನೀರು, ಚೀಲದ ಉಜ್ಜಾಟಕ್ಕೆ ಅಂಚು ಎದ್ದು ಬರುತ್ತದೆ, ನೋಡಲೂ ಚೆನ್ನಾಗಿಲ್ಲ. ಟಂಗ್‌ಸ್ಟನ್ ಪುಡಿ ತರಿಸಿದರೆ ಡಬ್ಬಿಗೆ ಎರಡು ಸಾವಿರದ ಮೇಲೆ. ಆಗ ವೆಲ್ಡಿಂಗ್ ಮೂಲೆಯ ಡಬ್ಬಿಯೊಂದು ಕಣ್ಣಿಗೆ ಬಿತ್ತು. ಟಿಗ್‌ನಲ್ಲಿ ಸುಟ್ಟು ಗಿಡ್ಡವಾದ ಟಂಗ್‌ಸ್ಟನ್ ಕಡ್ಡಿಗಳು, ಎಸೆಯಲು ಇಟ್ಟದ್ದು. 2.4 ಮಿಲಿಮೀಟರ್ ದಪ್ಪದ ಕಡ್ಡಿ 23 ಮಿಲಿಮೀಟರ್ ಉದ್ದ ಇದ್ದರೆ ಸರಿಸುಮಾರು ಎರಡು ಗ್ರಾಂ! ಒಂದು ತುಂಡು, ಒಂದು ಪಾಯಿಂಟ್. ತಲೆ ಬಿಚ್ಚಿದಾಗ ಶಾಫ್ಟಿನ ತುದಿಯೊಳಗೆ ಎಪಾಕ್ಸಿ ಬಳಿದು ಇಳಿಸಿಬಿಡುತ್ತೇನೆ, ಮೂರು ಪಕ್ಕಪಕ್ಕ ಕೂರುತ್ತವೆ. ಎಪಾಕ್ಸಿ ಕಡಿಮೆಯಾದರೆ ಮಗುವಿನ ಗಿಲಕಿಯ ಹಾಗೆ ಗಲಗಲ ಅನ್ನುತ್ತದೆ, ಹಾಗಾಗಿ ಮೇಲಿಂದ ಒಂದು ಕಾರ್ಕ್ ತುಂಡು. ಒಂದು ಎಚ್ಚರ: ಕೆಂಪು ತುದಿಯ ಕಡ್ಡಿಯಲ್ಲಿ ಥೋರಿಯಂ ಇರುತ್ತದೆ, ಅದರ ಪುಡಿ ಮೂಗಿಗೆ ಹೋಗಬಾರದು. ಅದನ್ನು ಗ್ರೈಂಡರ್‌ಗೆ ಹಿಡಿಯಬೇಡಿ, ಥೋರಿಯಂ ಇಲ್ಲದ್ದನ್ನೇ ಆರಿಸಿ.

ಡಾಕ್ಟರ ಐರನ್‌ಗಳಿಗೆ ಒಂದಿಂಚು ಉದ್ದ ಕೊಟ್ಟು ಆರು ಪಾಯಿಂಟ್ ಬಂತು, ಪ್ಲಗ್ಗಿನ ತೂಕ ಎರಡು ತಿಂದಿತು, ಮೂರು ತುಂಡು ಕಡ್ಡಿ ಮೂರು ಸೇರಿಸಿತು. ಸಿ9ಕ್ಕೆ ನಿಲ್ಲಿಸಿದೆ. ಡಿ0 ಮಾಡಬಹುದಿತ್ತು, ಆದರೆ ಅವರ ಸ್ವಿಂಗ್ ನಿಧಾನ, ಅಷ್ಟು ಸಾಕು.

ಎಪಾಕ್ಸಿ ಬಗ್ಗೆ ಒಂದು ಮಾತು. ಬೆಳಗಾವಿಯ ಜುಲೈ, ಆಗಸ್ಟ್ ಗೊತ್ತಲ್ವಾ. ದಿನವಿಡೀ ಜಿಟಿಜಿಟಿ, ಅಂಗಡಿಯಲ್ಲಿ ಹಗಲಲ್ಲೂ ಚಳಿ. ಪ್ಯಾಕೆಟ್ ಮೇಲೆ 24 ಗಂಟೆ ಅಂತ ಬರೆದದ್ದು ಈ ಹವೆಗೆ ಲಾಗೂ ಆಗುವುದಿಲ್ಲ. ಮರುದಿನ ಉಗುರು ಒತ್ತಿದರೆ ಇನ್ನೂ ಗುರುತು ಬೀಳುತ್ತಿತ್ತು. ಪರೀಕ್ಷೆಗೆ ಅಂತಲೇ ಇಟ್ಟಿದ್ದ ಗುಜರಿ 9 ಐರನ್‌ನ ತಲೆ ನೆಟ್‌ಗೆ ಹೊಡೆದಾಗ ಚೆಂಡಿಗಿಂತ ಮುಂದೆ ಹೋಯಿತು. ಈಗ ಹಳೆಯ ಕಪಾಟಿನೊಳಗೆ 60 ವಾಟ್‌ನ ಬಲ್ಬು ಉರಿಸಿ, ಬೆಚ್ಚಗೆ ಎರಡು ರಾತ್ರಿ ಇಡುತ್ತೇನೆ. ಬೇಗ ಬೇಕು ಅನ್ನುವವರ ಕೆಲಸ ಹಿಡಿಯುವುದಿಲ್ಲ.

ಇನ್ನು ಲೈ. ಬಗ್ಗಿಸುವ ಯಂತ್ರ ಹೊರದೇಶದಿಂದ ತರಿಸಿದರೆ ತೆರಿಗೆ ಸೇರಿ ಲಕ್ಷ ದಾಟುತ್ತದೆ ಅಂದರು. ಹಳೆಯ ಮಿಲ್ಲಿಂಗ್ ವೈಸ್, ಹಿತ್ತಾಳೆಯ ಜಾ (ವೈಸ್ ಹಿಡಿಯುವ ದವಡೆ), ಕೋನ ಅಳೆಯಲು ಒಂದು ಬೆವೆಲ್ ಪ್ರೊಟ್ರ್ಯಾಕ್ಟರ್, ಇಎನ್8 ಉಕ್ಕಿನ ಸರಳಿನಿಂದ ಮಾಡಿದ ಒಂದು ಬಾರ್. ನನಗೆ ಬಿದ್ದದ್ದು ಒಂಬತ್ತು ಹತ್ತು ಸಾವಿರ, ನನ್ನ ಕೂಲಿ ಹಿಡಿಯದೆ. ಮೊದಲ ಬಾರ್ ಹೋಸೆಲ್ (ಶಾಫ್ಟು ಕೂರುವ ತಲೆಯ ಕುತ್ತಿಗೆ) ಮೇಲೆ ಹಲ್ಲಿನ ಗುರುತು ಬಿಟ್ಟಿತು. ಎರಡನೆಯದಕ್ಕೆ ಹಿತ್ತಾಳೆಯ ಬುಷ್ ಹಾಕಿದೆ. ಬುಷ್‌ನ ಬಾಯಿಯ ಆಕಾರ ನನ್ನ ಹತ್ತಿರವೇ ಇರಲಿ, ಅದಕ್ಕೇ ನಾಲ್ಕು ತಿಂಗಳು ಹೋಗಿದೆ.

ಫೋರ್ಜ್ ಮಾಡಿದ ಕಾರ್ಬನ್ ಸ್ಟೀಲ್ ತಲೆ ಹೇಳಿದ ಮಾತು ಕೇಳುತ್ತದೆ. 17-4 ಸ್ಟೇನ್‌ಲೆಸ್‌ನ ಕಾಸ್ಟಿಂಗ್, ಅಂದರೆ ಎರಕದ ತಲೆ, ಹಾಗಲ್ಲ. ಎರಡು ಡಿಗ್ರಿ ಬಗ್ಗಿಸಿ ಬಿಟ್ಟರೆ ಒಂದೂವರೆ ವಾಪಸ್ ಬರುತ್ತದೆ. ಇನ್ನೂ ಒತ್ತಿದರೆ ಹೋಸೆಲ್ ಬುಡದಲ್ಲಿ ಕೂದಲೆಳೆಯ ಬಿರುಕು. ಗುಜರಿಯಿಂದ ತಂದ ಮೂರ್ನಾಲ್ಕು ತಲೆ ಹೀಗೆಯೇ ಬಲಿಯಾದವು. ಪಕ್ಕದ ಫೌಂಡ್ರಿಯ ಗೆಳೆಯ ಮುರಿದ ಮೈ ನೋಡಿ, "ಇದನ್ನ ಕಾಸಿ ಬಗ್ಗಸ್ರೀ" ಅಂದ. ಕಾಸಿದರೆ ಆ ಉಕ್ಕಿನ ಹದವೇ ಹೋಗುತ್ತದೆ, ಬೇಡ ಅಂದೆ. ಕಾಸ್ಟಿಂಗ್ ತಲೆಯನ್ನು ಎರಡು ಡಿಗ್ರಿಗಿಂತ ಆಚೆ ನಾನು ಮುಟ್ಟುವುದಿಲ್ಲ, ಎಷ್ಟೇ ದುಡ್ಡು ಕೊಟ್ಟರೂ.

ಎಷ್ಟು ಬಗ್ಗಿಸಬೇಕು ಅನ್ನುವುದನ್ನು ಪಟ್ಟಿ ನೋಡಿ ತೀರ್ಮಾನಿಸಬೇಡಿ. ಸೋಲ್‌ಗೆ ಮಾಸ್ಕಿಂಗ್ ಟೇಪ್, ನೆಲಕ್ಕೆ ಹೈಲಂ ಶೀಟ್ (ಗಟ್ಟಿ ಪ್ಲಾಸ್ಟಿಕ್ ಹಲಗೆ), ಐದಾರು ಚೆಂಡು ಹೊಡೆಸಿ. ಗುರುತು ಹೀಲ್ ಕಡೆ, ಅಂದರೆ ಶಾಫ್ಟಿನ ಬದಿಗೆ ಬಂದರೆ ಕ್ಲಬ್ ಜಾಸ್ತಿ ನೆಟ್ಟಗಿದೆ, ಟೋ ಕಡೆ ಬಂದರೆ ಮಲಗಿದೆ. ಹೈಲಂ ಮೇಲೆ ಹೊಡೆಯಲು ಕೆಲವರು ಹೆದರಿ ಸ್ವಿಂಗ್ ಬದಲಿಸುತ್ತಾರೆ. ಅಂಥವರಿಗೆ ಚೆಂಡಿನ ಮೇಲೆ ವೈಟ್‌ಬೋರ್ಡ್ ಮಾರ್ಕರ್‌ನಿಂದ ದಪ್ಪ ಗೆರೆ ಎಳೆದು, ನೆಟ್ಟಗೆ ನಿಲ್ಲಿಸಿ, ಮ್ಯಾಟ್ ಮೇಲೆ ಹೊಡೆಸುತ್ತೇನೆ. ಗೆರೆ ಕ್ಲಬ್ಬಿನ ಮುಖಕ್ಕೆ ಅಚ್ಚಾಗುತ್ತದೆ. ನೆಟ್ಟಗೆ ಮೂಡಿದರೆ ಸರಿ, ಓರೆಯಾದರೆ ಕೆಲಸ ಬಾಕಿ. ಡಾಕ್ಟರದ್ದು ಉದ್ದ ಸರಿಹೋದ ಮೇಲೂ ಒಂದು ಡಿಗ್ರಿ ನೆಟ್ಟಗೆ ಮಾಡಬೇಕಾಯಿತು. ಅವರ 7 ಐರನ್ ಮೊದಲು 115 ಗಜ, ಅದೂ ಬಲಕ್ಕೆ. ಈಗ 125ರಿಂದ 130, ಧ್ವಜದ ಕಡೆಗೆ. ಕ್ಯಾಡಿ ಕಾಕಾ ಅದನ್ನು ನೋಡಿ ಏನೂ ಮಾತಾಡಲಿಲ್ಲ. ಮುಂದಿನ ವಾರ ತಮ್ಮ ಮೊಮ್ಮಗನನ್ನು ಕರೆದುಕೊಂಡು ಬಂದರು.

ಮಕ್ಕಳ ವಿಷಯ ಬೇರೆಯೇ. ಅಪ್ಪನ ಹಳೆಯ ಕ್ಲಬ್ ಕತ್ತರಿಸಿ ಮಗನಿಗೆ ಕೊಡುವುದು ಎಲ್ಲರೂ ಮಾಡುವುದೇ. ಸ್ಟೀಲ್ ಶಾಫ್ಟನ್ನು ಆರೇಳು ಇಂಚು ಕತ್ತರಿಸಿದರೆ ಉಳಿಯುವುದು ಸಲಾಕೆ, ಬಾಗುವುದೇ ಇಲ್ಲ. ನಾನು ಹೆಂಗಸರ ಗ್ರಾಫೈಟ್ ಶಾಫ್ಟ್ ಹುಡುಕಿ, ಹಗುರ ತಲೆಗೆ ಹಾಕಿದೆ. ಗ್ರಾಫೈಟ್ ತೆಗೆಯುವಾಗ ತಿರುಚಬೇಡಿ, ಸೀದಾ ಎಳೆಯಿರಿ. ಹುಡುಗನಿಗೆ ಮೂರು ಕ್ಲಬ್ ಮತ್ತು ಪಟರ್ ಸಾಕು, ಆರು ತಿಂಗಳಲ್ಲಿ ಮತ್ತೆ ಎತ್ತರವಾಗುತ್ತಾನೆ.

2022ರ ಆಗಸ್ಟ್‌ನಲ್ಲಿ ನಮ್ಮ ಗಾಲ್ಫ್ ಮೈದಾನಕ್ಕೆ ಚಿರತೆ ಬಂದದ್ದು ನೆನಪಿರಬೇಕು. ಸುತ್ತಲಿನ ಶಾಲೆಗಳಿಗೆ ರಜೆ, ಸಕ್ರೆಬೈಲಿನಿಂದ ಆನೆ ತರಿಸಿ ಹುಡುಕಾಟ. ಆಟ ಬಂದ್. ಆ ವಾರಗಳಲ್ಲಿ ಕೈಗೆ ಬಿಡುವು ಸಿಕ್ಕಿ ಡ್ರೈವರ್, ಅಂದರೆ ದೂರ ಹೊಡೆಯುವ ಉದ್ದದ ಕ್ಲಬ್ಬಿನ ಪ್ರಯೋಗ ಮಾಡಿದೆ. ಅಂಗಡಿಯಲ್ಲಿ ಸಿಗುವುದು ನಲವತ್ತೈದೂವರೆ ಇಂಚಿನದು, ಐದಡಿ ಐದಿಂಚಿನವನಿಗೂ ಅದೇ. ನನ್ನದನ್ನು ಅರ್ಧರ್ಧ ಇಂಚು ಇಳಿಸುತ್ತಾ ಬಂದೆ, ಪ್ರತಿ ಸಲ ತಲೆಗೆ ತೂಕ ಕೂಡಿಸಿ, ಅಂಗಡಿಯ ಹಿಂದೆ ನೆಟ್ ಕಟ್ಟಿ, ಕ್ಲಬ್ಬಿನ ಮುಖಕ್ಕೆ ಪೌಡರ್ ಬಳಿದು ಹೊಡೆದೆ. 44ಕ್ಕೆ ಬಂದಾಗ ಗುರುತುಗಳು ನಾಣ್ಯದಗಲ ಜಾಗದಲ್ಲಿ ಗುಂಪಾದವು. 43ಕ್ಕೆ ಚೆಂಡು ಹೋಗುವ ದೂರ ಕಡಿಮೆಯಾಯಿತು, ವಾಪಸ್ ಪ್ಲಗ್ ಹಾಕಿದೆ. ವೃತ್ತಿಪರರಲ್ಲೇ ಹಲವರು 45ಕ್ಕಿಂತ ಗಿಡ್ಡ ಡ್ರೈವರ್ ಹಿಡಿಯುವಾಗ ನಮಗ್ಯಾಕೆ ಉದ್ದದ ಹುಚ್ಚು?

ದರ ಕೇಳುವವರಿಗೆ: ಉದ್ದ, ತೂಕ, ಲೈ ಎಲ್ಲ ಸೇರಿ ಒಂದು ಐರನ್‌ಗೆ ಐದುನೂರರಿಂದ ಆರುನೂರು, ಗ್ರಿಪ್ ನೀವೇ ತಂದರೆ. ಹೊಸ ಗ್ರಿಪ್ ಒಂದಕ್ಕೆ ಏಳೆಂಟು ನೂರು, ಹಳೆಯದನ್ನು ಹರಿಯದೆ ಬಿಚ್ಚಿಕೊಡುತ್ತೇನೆ, ಕಂಪ್ರೆಸರ್ ಗಾಳಿಯಿಂದ. ಇಡೀ ಸೆಟ್ ಒಂದೇ ಸಲ ತರಬೇಡಿ. 7 ಐರನ್ ಒಂದನ್ನು ಮೊದಲು ಮಾಡಿಸಿ, ಎರಡು ಮೂರು ರೌಂಡ್ ಆಡಿ, ಟೇಪ್ ಗುರುತು ನೋಡಿ, ಆಮೇಲೆ ಮಿಕ್ಕದ್ದು. ಎಡಗೈ ಆಟಗಾರರ ಕ್ಲಬ್‌ಗೆ ವೈಸ್‌ನ ಜಾ ತಿರುಗಿಸಿ ಕೂರಿಸುವುದು ಅರ್ಧ ದಿನದ ಕೆಲಸ, ಅವರಿಗೆ ನೂರು ರೂಪಾಯಿ ಜಾಸ್ತಿ. ಬರುವಾಗ ಆಡುವ ಬೂಟು ತನ್ನಿ, ಚಪ್ಪಲಿಯಲ್ಲಿ ಬಂದವರ ಅಳತೆ ತೆಗೆಯುವುದಿಲ್ಲ.