ನಾಲ್ಕು ಕಟ್ಟಡ, ಒಂದು ಚಿಲ್ಲರ್ ಪ್ಲಾಂಟ್: ಕಾರವಾರದಲ್ಲಿ ಲೆಕ್ಕ ಕೂಡಿದ ಬಗೆ

ಕಾರವಾರದಲ್ಲಿ ಒಂದೇ ಚಿಲ್ಲರ್ ಪ್ಲಾಂಟಿನಿಂದ (ಎಸಿಗೆ ಬೇಕಾದ ತಣ್ಣೀರು ತಯಾರಿಸುವ ಘಟಕ) ತಂಪು ಪಡೆಯುವ ನಾಲ್ಕು ಕಟ್ಟಡಗಳ ಮಾದರಿಗಳನ್ನು, ಕಟ್ಟಡದ ಶಕ್ತಿಬಳಕೆಯನ್ನು ಲೆಕ್ಕ ಹಾಕುವ ತಂತ್ರಾಂಶವಾದ ಎನರ್ಜಿಪ್ಲಸ್‌ನಲ್ಲಿ ಬೇರೆ ಬೇರೆಯಾಗಿ ಮಾಡಿ, ಪ್ಲಾಂಟನ್ನು ಕೊನೆಗೆ ಜೋಡಿಸುತ್ತೇನೆ ಎಂದಾಗ ಜೊತೆಯವರೇ ನಂಬಲಿಲ್ಲ. ಅವರ ಅನುಮಾನಕ್ಕೆ ಕಾರಣವೂ ಇತ್ತು, ಏಕೆಂದರೆ ಹಿಂದಿನ ವರ್ಷ ಎಲ್ಲವನ್ನೂ ಒಂದೇ ಫೈಲಿಗೆ ತುಂಬಿ ಕೈಸುಟ್ಟುಕೊಂಡವನು ನಾನೇ. ಆಗ ಮೇ ತಿಂಗಳ ಬಿಲ್ಲಿಗೆ ಲೆಕ್ಕ ಹೊಂದುತ್ತಿತ್ತು, ಜುಲೈನಲ್ಲಿ ಮಾತ್ರ ಮಾದರಿ ಶೇ. 30ರಷ್ಟು ಕಡಿಮೆ ತೋರಿಸುತ್ತಿತ್ತು. ನನಗೆ ಬರಬೇಕಿದ್ದ ಶುಲ್ಕದ ಎರಡನೆಯ ಕಂತು, ಒಂದೂಕಾಲು ಲಕ್ಷದಷ್ಟು, ಎಂಟು ತಿಂಗಳು ನಿಂತುಹೋಯಿತು.

ಈ ಬಾರಿ ಪ್ರತಿ ಕಟ್ಟಡವೂ ಹೊರಗಿನಿಂದ ತಣ್ಣೀರು ಕೊಳ್ಳುತ್ತದೆ ಎಂದಿಟ್ಟುಕೊಂಡು ವರ್ಷದ 8,760 ಗಂಟೆಗಳ ಲೋಡನ್ನು (ತಂಪಿನ ಬೇಡಿಕೆ) ಪ್ರತ್ಯೇಕವಾಗಿ ತೆಗೆದು, ಗಂಟೆಗೆ ಗಂಟೆ ಹೊಂದಿಸಿ ಕೂಡಿಸಿ, ಆ ಮೊತ್ತದ ಮೇಲೆ ಚಿಲ್ಲರ್‌ನ ಪಾರ್ಟ್ ಲೋಡ್ ಕರ್ವ್ (ಪೂರ್ಣ ಹೊರೆಯಿಲ್ಲದಾಗ ಅದು ಎಷ್ಟು ವಿದ್ಯುತ್ ತಿನ್ನುತ್ತದೆಂಬ ರೇಖೆ), ಪಂಪು ಮತ್ತು ಬಿಸಿಯನ್ನು ಹೊರಗಾಳಿಗೆ ಬಿಡುವ ಕೂಲಿಂಗ್ ಟವರ್‌ಗಳ ಲೆಕ್ಕ ಓಡಿಸಿದೆ. ಕಚೇರಿಯ ಲೋಡ್ ಸಂಜೆ ಇಳಿಯುವಾಗ ಅತಿಥಿಗೃಹದ್ದು ಏರುವುದರಿಂದ, ಬಿಡಿ ಗರಿಷ್ಠಗಳ ಮೊತ್ತ 370 ಟನ್ (ತಂಪು ನೀಡುವ ಸಾಮರ್ಥ್ಯದ ಅಳತೆ) ಆಸುಪಾಸು ಬಂದರೂ ಎಲ್ಲ ಸೇರಿದ ಗರಿಷ್ಠ 270 ದಾಟಲಿಲ್ಲ. ನೆಲದಡಿಯ ಪೈಪಿನಲ್ಲಿ ಕಳೆದುಹೋಗುವ ತಂಪನ್ನು ಯಾವ ಕಟ್ಟಡದ ಪಾಲಿಗೆ ಎಷ್ಟು ಹಾಕಿದೆನೆಂಬುದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಹೊಟ್ಟೆಪಾಡು ಅದರ ಮೇಲಿದೆ.

ಜುಲೈನ ಗಂಟು ಬಿಚ್ಚಲು ಮಾತ್ರ ಬಹಳ ದಿನ ಹಿಡಿಯಿತು. ಮೋಡ ಕವಿದಾಗ ಬಿಸಿಲಿನ ಹೊರೆ ಇಳಿಯುತ್ತದೆಂದು ಮಾದರಿ ಹೇಳುತ್ತಿದ್ದರೆ ಮೀಟರು ಒಪ್ಪುತ್ತಿರಲಿಲ್ಲ. ಪಣಜಿಯ ವೆದರ್ ಫೈಲ್ (ವರ್ಷವಿಡೀ ಹವಾಮಾನದ ದತ್ತಾಂಶ) ತೆಗೆದು ಮಂಗಳೂರಿನದನ್ನು ಹಾಕಿದರೂ ವ್ಯತ್ಯಾಸ ಅಷ್ಟಕ್ಕಷ್ಟೆ. ಕೊನೆಗೊಂದು ಮಳೆಯ ರಾತ್ರಿ ಅತಿಥಿಗೃಹದ ಕಾರಿಡಾರಿನ ಹೊರಬಾಗಿಲ ಸಂದಿಗೆ ಪತ್ರಿಕೆಯ ಪಟ್ಟಿಯೊಂದನ್ನು ಹಿಡಿದಾಗ ಅದು ಪಟಪಟನೆ ಒಳಕ್ಕೆ ಹಾರತೊಡಗಿತು. ಬಚ್ಚಲುಮನೆಗಳ ಎಕ್ಸಾಸ್ಟ್ ಫ್ಯಾನುಗಳು ಹಗಲಿರುಳೂ ಓಡುತ್ತ ಹೊರಗಿನ ಒದ್ದೆ ಗಾಳಿಯನ್ನು ಒಳಗೆ ಎಳೆಯುತ್ತಿದ್ದವು. 27 ಡಿಗ್ರಿ, ಶೇ. 90 ತೇವಾಂಶದ ಗಾಳಿಯ ಪ್ರತಿ ಕೆ.ಜಿ.ಯಲ್ಲಿ 20 ಗ್ರಾಂ ನೀರಿದ್ದರೆ, 24 ಡಿಗ್ರಿಯ ಕೋಣೆಯಲ್ಲಿ ಇರಬೇಕಾದದ್ದು ಅದರ ಅರ್ಧ. ಉಳಿದರ್ಧವನ್ನು ಎಸಿಯೊಳಗಿನ ತಣ್ಣೀರಿನ ಕಾಯಿಲ್ ಹಿಂಡಿ ತೆಗೆಯಬೇಕು. ಫ್ಯಾನಿನ ವೇಳಾಪಟ್ಟಿಯನ್ನು ಇದ್ದಂತೆ ಹಾಕಿದ ಮೇಲೆ ಜುಲೈ ತಾನಾಗಿ ದಾರಿಗೆ ಬಂತು.

ಆದರೂ ತರಬೇತಿ ಕೇಂದ್ರದ ಲೆಕ್ಕ ಮೊಂಡು ಹಿಡಿಯಿತು. ಯಾವ ಕಟ್ಟಡ ಎಷ್ಟು ತಂಪು ಪಡೆಯಿತೆಂದು ಅಳೆಯುವ ನಾಲ್ಕು ಬಿಟಿಯು ಮೀಟರುಗಳಿಗೆ 5 ಲಕ್ಷದ ಆಚೀಚೆ ಸುರಿದಿದ್ದರೂ, ಅಲ್ಲಿ ಒಳಬರುವ ನೀರಿನ ಸೆನ್ಸರನ್ನು ಪೈಪಿನ ಒಳಗೆ ಇಳಿಸದೆ ಹೊರಮೈಗೆ ಕಟ್ಟಿ, ನೆಂದ ಇನ್ಸುಲೇಷನ್ ಸುತ್ತಿದ್ದರು. 7 ಡಿಗ್ರಿಯ ನೀರು 8 ಎಂದು ತೋರುತ್ತಿತ್ತು. ಬರುವ ಮತ್ತು ಮರಳುವ ನೀರಿನ ಅಂತರವೇ 5 ಡಿಗ್ರಿ ಇರುವಲ್ಲಿ ಒಂದು ಡಿಗ್ರಿ ತಪ್ಪಿದರೆ ಬಿಲ್ಲಿನ ಐದರಲ್ಲೊಂದು ಪಾಲು ಮಾಯ. ಅಷ್ಟು ಕಾಲ ಅವರ ತಂಪಿಗೆ ಉಳಿದ ಮೂವರು ಹಣ ಕಟ್ಟಿದ್ದರು.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ತಣ್ಣೀರನ್ನು 7ರಿಂದ 9 ಡಿಗ್ರಿಗೆ ಏರಿಸಿದಾಗ ಚಿಲ್ಲರ್‌ನ ವಿದ್ಯುತ್ ಶೇ. 5ರಷ್ಟು ಇಳಿಯಿತು, ಫೆಬ್ರುವರಿಯಲ್ಲಿ ಯಾರಿಗೂ ಗೊತ್ತಾಗಲಿಲ್ಲ, ಜೂನ್‌ನಲ್ಲಿ ಗಾಳಿಯ ತೇವ ಸಾಕಷ್ಟು ಹೊರಹೋಗದೆ ಕಚೇರಿಯ ಕಡತಗಳು ಹಪ್ಪಳ ಹಿಟ್ಟಿನಂತೆ ಮೆತ್ತಗಾದವು. ಘಟ್ಟದ ಮೇಲಿನ ಶಿರಸಿಯಲ್ಲಾದರೆ ಚಳಿಗಾಲದ ರಾತ್ರಿ ವೆಟ್ ಬಲ್ಬ್ ಉಷ್ಣತೆ (ನೀರು ಆವಿಯಾಗುವುದರಿಂದ ಗಾಳಿ ತಣಿಯಬಲ್ಲ ಕನಿಷ್ಠ ಮಟ್ಟ) ಚೆನ್ನಾಗಿ ಇಳಿದು ಟವರ್‌ನಿಂದ ತಂಪಾದ ನೀರು ಸಿಕ್ಕೀತು. ಇಲ್ಲಿ ಮಳೆಗಾಲದಲ್ಲಿ ಅದು 25-26ರ ಕೆಳಗೆ ಇಳಿಯುವುದೇ ಅಪರೂಪವಾದ್ದರಿಂದ ಆ ಲಾಭವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಅಮೆರಿಕದ ಹವಾನಿಯಂತ್ರಣ ಎಂಜಿನಿಯರುಗಳ ಸಂಘವಾದ ಆಶ್ರೇಯ 14ನೇ ಮಾರ್ಗಸೂಚಿ, ಮಾದರಿಯ ತಿಂಗಳವಾರು ಲೆಕ್ಕದಲ್ಲಿ ಶೇ. 5ರ ಬಯಾಸ್ (ಒಟ್ಟು ಮೊತ್ತದ ತಪ್ಪು) ಮತ್ತು ಶೇ. 15ರ ಸಿವಿಆರ್‌ಎಂಎಸ್‌ಇ (ತಿಂಗಳು ತಿಂಗಳ ತಪ್ಪಿನ ಅಳತೆ) ತನಕ ಒಪ್ಪುತ್ತದೆ, ನನ್ನದು ಶೇ. 3 ಮತ್ತು 10ರ ಹತ್ತಿರ ನಿಂತಿತು. 150 ಟನ್ನಿನ ಎರಡು ಚಿಲ್ಲರ್ ಓಡಿ ಮೂರನೆಯದು ಮೀಸಲಿದ್ದರೆ ಸಾಕೆಂದು ತೋರಿಸಿದ ಮೇಲೆ, 50 ಲಕ್ಷದ ನಾಲ್ಕನೆಯ ಚಿಲ್ಲರ್‌ನ ಪ್ರಸ್ತಾವವನ್ನು ಕೈಬಿಟ್ಟರು. ಅದಕ್ಕೆಂದು ಮೊದಲೇ ಎರಕ ಹಾಕಿದ್ದ ಕಾಂಕ್ರೀಟ್ ಕಟ್ಟೆಯ ಮೇಲೆ ಆಪರೇಟರುಗಳು ಈಗ ಮಳೆಗಾಲದಲ್ಲಿ ಕೊಡೆ ಬಿಚ್ಚಿ ಒಣಗಲು ಇಡುತ್ತಾರೆ.